ತಗಡಿನ ಬಕೆಟ್ಟು ಮತ್ತೆ ಸದ್ದು ಮಾಡಲಿಲ್ಲ

ದ್ರಾಕ್ಷಿ ತೋಟದ ಅಜ್ಜಿಯೊಂದಿಗೆ ಮೊದಲ ಮಾತುಕತೆ ನಿಗದಿಯಾಗಲು ಮೂರು ಪತ್ರಗಳೂ ಒಂದು ದೂರವಾಣಿ ಕರೆಯೂ ಬೇಕಾದವು. ಆ ಮನೆತನದ ತೋಟದಲ್ಲಿ ಮೊದಲ ಬಳ್ಳಿ ನೆಟ್ಟ ವರ್ಷ ಈಗ ಆಕೆಯೊಬ್ಬರಿಗೇ ಗೊತ್ತು, ಆಕೆಗೆ ತೊಂಬತ್ತೊಂದು. ಪತ್ರಗಳಿಗೆ ಉತ್ತರವಿಲ್ಲ. ಕರೆಯನ್ನು ಸೊಸೆ ಎತ್ತಿಕೊಂಡಾಗ ಹಿಂದಿನಿಂದ ಅಜ್ಜಿಯ ದನಿ ಕೇಳಿಸಿತು: "ಬರೋಕೆ ಹೇಳು. ಆದ್ರೆ ನಮ್ಮ ವೈನ್ ಮುಟ್ಟದೆ ಬಾಯಿ ಒಣಗಿಸ್ಕೊಂಡು ಕೂರೋರ ಹತ್ರ ನಾನು ಮಾತಾಡಲ್ಲ. ಮಾತಾಡೋದೂ ಒಂದೇ ಸಲ."

ಇಪ್ಪತ್ತೆರಡು ವರ್ಷಗಳಿಂದ ಹಿರಿಯರ ನೆನಪುಗಳನ್ನು ಧ್ವನಿಮುದ್ರಿಸುತ್ತಿರುವ ನನಗೆ ಇದು ಅಂಜುವ ಷರತ್ತೇ? ಸಂದರ್ಶಕನು ಬಾಯಿ ಮುಚ್ಚಿಕೊಂಡಿರತಕ್ಕದ್ದು ಎಂಬುದು ನಮ್ಮ ಶಾಸ್ತ್ರದ ಪ್ರಥಮ ಸೂತ್ರ. ಬಾಯಿ ತುಂಬ ವೈನ್ ಇದ್ದರೆ ಸೂತ್ರ ತಾನಾಗಿಯೇ ಪಾಲನೆಯಾಗುತ್ತದೆ.

"ರುಚಿ ನೋಡಿ ಉಗುಳ್ಬೇಕು, ಗೊತ್ತಲ್ಲ?" ಎಂದಳು ಕಾರು ಓಡಿಸುತ್ತಿದ್ದ ಹೆಂಡತಿ. ನನ್ನ ಧ್ವನಿಮುದ್ರಣಗಳನ್ನು ಕೇಳಿ ಟೈಪು ಮಾಡುವವಳೂ ಅವಳೇ.

"ಒಂದು ಹನಿಯೂ ಗಂಟಲು ದಾಟಲ್ಲ."

"ಹೋದ ವರ್ಷ ಎರಡು ಚಮಚ ಕೆಮ್ಮಿನ ಔಷಧಿಗೇ ಸೋಫಾ ಹತ್ತಿ ಭಾಷಣ ಮಾಡಿದ್ರಿ."

"ಅದು ಬೇರೆ ವಿಷಯ."

ತೋಟದ ಪೀಪಾಯಿಗಳ ಕೋಣೆಯಲ್ಲಿ ಒಂದು ಬೆಂಚು, ಆರು ಗ್ಲಾಸು ವೈನ್, ಉಗುಳಲು ತಗಡಿನ ಬಕೆಟ್ಟು. ಅಜ್ಜಿಯ ಮುಂದೆ ಮಾತ್ರ ನೀರು: "ನಂಗೆ ಡಾಕ್ಟ್ರು ಬೇಡ ಅಂದಿದಾರೆ. ನೀವು ತಗೊಳ್ಳಿ." ಹೆಂಡತಿ ಸೊಸೆಯೊಡನೆ ಬಳ್ಳಿಸಾಲು ನೋಡಲು ಹೋದಳು. ನಾನು ಯಂತ್ರ ಚಾಲೂ ಮಾಡಿ, ಮೊದಲ ಗುಟುಕನ್ನು ಬಾಯಲ್ಲಿ ಆಡಿಸಿ, ಶಾಸ್ತ್ರೋಕ್ತವಾಗಿ ಉಗುಳಿದೆ.

ಠಣ್!

ಯಂತ್ರದ ಮುಳ್ಳು ಕೆಂಪಿಗೆ ಹಾರಿತು. ಅಜ್ಜಿ ಆಗಷ್ಟೇ ಆಡಿದ್ದ "ನಮ್ಮ ಮಾವನವ್ರು" ಎಂಬ ಅಮೂಲ್ಯ ಮಾತು ಆ ಸದ್ದಿನಡಿ ಸಮಾಧಿಯಾಯಿತು. ದಾಖಲೆಯ ಶುದ್ಧಿಗಿಂತ ದೊಡ್ಡದುಂಟೇ? ಉಳಿದೈದು ಗ್ಲಾಸುಗಳನ್ನು ನಿಶ್ಶಬ್ದವಾಗಿ ನುಂಗುವುದೆಂದು ತೀರ್ಮಾನಿಸಿದೆ.

ನಾಲ್ಕನೆಯ ಗ್ಲಾಸಿನ ಹೊತ್ತಿಗೆ ಕೇಳಿದೆ: "ಮೊದಲ ಬಳ್ಳಿ ನೆಟ್ಟ ವರ್ಷ ಹೇಳ್ತೀರಾ ಅಜ್ಜಿ?"

"ಹೇಳೋಣಂತೆ. ನೀವ್ಯಾರಿಗೂ ಹೇಳದೆ ಇಟ್ಕೊಂಡಿರೋದು ಏನಾದ್ರೂ ಇದ್ಯಾ?"

ಹಾಗೆಂದು ಆಕೆ ಸುಮ್ಮನೆ ಕುಳಿತರು. ಆ ಮೌನ ನನಗೆ ಚಿರಪರಿಚಿತ. ಎದುರಿನವರ ಬಾಯಿ ಬಿಡಿಸಲು ನಾನೇ ಬಳಸುವ ಆಯುಧ. ಅದು ನನ್ನತ್ತ ತಿರುಗಿದ್ದನ್ನು ಕಂಡದ್ದೊಂದು ನೆನಪಿದೆ. ಮುಂದಿನದು ಮಸುಕು. ಮರಳುವಾಗ, ಇದು ನನ್ನ ಜೀವಮಾನದ ಶ್ರೇಷ್ಠ ಸಂದರ್ಶನವೆಂದು ದಾರಿಯುದ್ದಕ್ಕೂ ಘೋಷಿಸಿದೆನಂತೆ.

ಮರುದಿನ ಬೆಳಿಗ್ಗೆ ಹೆಂಡತಿ ಕಿವಿಯ ಹೆಡ್‌ಫೋನ್ ತೆಗೆದಳು.

"ಒಟ್ಟು ಎರಡು ಗಂಟೆ. ಅಜ್ಜಿ ಮಾತಾಡಿರೋದು ಹನ್ನೊಂದು ನಿಮಿಷ."

"ಉಳಿದದ್ದು?"

"ನೀವು."

"ಬಳ್ಳಿ ನೆಟ್ಟ ವರ್ಷ?"

"ಅವರು ಹೇಳೋಕೆ ಬಾಯಿ ತೆಗೆದ್ರು. 'ಇರಿ ಅಜ್ಜಿ, ಮೊದಲು ನಂದು ಮುಗೀಲಿ' ಅಂದ್ರಿ."

ನಾನು ಹೆಡ್‌ಫೋನಿಗೆ ಕೈ ಚಾಚಿದೆ.

"ಪಾಪ, ನಮ್ಮ ಬೆಕ್ಕನ್ನ ಯಾಕೆ ನನ್ನ ತಂಗಿ ಮನೆಗೆ ಅಟ್ಟಿದ್ವಿ, ನೆನಪಿದ್ಯಾ?" ಎಂದಳು, ಬಹಳ ಮೃದುವಾಗಿ.

"ಆ ಭಾಗ ಅಳಿಸಬಹುದಲ್ಲ?"

"ದಾಖಲೆ ತಿದ್ದೋ ಹಾಗಿಲ್ಲ. ನಿಮ್ಮದೇ ಸೂತ್ರ."

ಪರದೆಯನ್ನು ನನ್ನತ್ತ ತಿರುಗಿಸಿದಳು. ಇಡೀ ಸಂದರ್ಶನದಲ್ಲಿ ದಿನಾಂಕಸಹಿತ ದೊರೆತ ಮಾಹಿತಿ ಒಂದೇ:

೨೦೧೪ ಜೂನ್ ೮, ಭಾನುವಾರ, ಸಂಜೆ ನಾಲ್ಕೂವರೆ. ಅತ್ತೆಯವರ ಗಾಜಿನ ಹೂಜಿಯನ್ನು ಒಡೆದದ್ದು ಬೆಕ್ಕಲ್ಲ, ಅಳಿಯ.