ಒಗ್ಗರಣೆಯ ಜಾಡು ಹಿಡಿದು

ದೆಹಲಿಯಲ್ಲಿ ನನಗೆ ಗೊತ್ತಿಲ್ಲದ ದಾರಿಯೇ ಇಲ್ಲ ಎಂಬುದು ನಮ್ಮ ಮಾವನವರು ಇಡೀ ಹಾಸನದಲ್ಲಿ ಹಬ್ಬಿಸಿದ್ದ ಸುದ್ದಿ. ಅವರಿಗೆ ಹಾಗೆ ಹೇಳಿದ್ದವನು ನಾನೇ. ಹೀಗಾಗಿ ನಿವೃತ್ತ ಹೆಡ್‌ಮಾಸ್ತರರಾದ ಅವರು ನಮ್ಮತ್ತೆಯನ್ನೂ ವಾಕಿಂಗ್ ಗೆಳೆಯರನ್ನೂ ಕಟ್ಟಿಕೊಂಡು ಉತ್ತರ ಭಾರತ ಪ್ರವಾಸಕ್ಕೆ ಬಂದಾಗ, ಹನ್ನೊಂದು ವರ್ಷದಿಂದ ದೆಹಲಿಯ ಕಿದ್ವಾಯಿ ನಗರದ ಸರ್ಕಾರಿ ಕ್ವಾರ್ಟರ್ಸ್‌ನಲ್ಲಿದ್ದ ನನ್ನನ್ನೂ ನನ್ನ ಹೆಂಡತಿ ಸುಧಾಳನ್ನೂ ತಾವಿಳಿದಿದ್ದ ಹೋಟೆಲಿಗೇ ಕರೆಸಿಕೊಂಡರು. "ಅಳಿಯಂದ್ರು ಇರೋವಾಗ ಗೈಡ್ ಯಾಕೆ?" ಎಂದು ಎಲ್ಲರೆದುರು ಘೋಷಿಸಿಯೂ ಬಿಟ್ಟಿದ್ದರು.

ಅದು ಒಂದು ಕಾಲದ ಭಾರಿ ಹೋಟೆಲ್. ಈಗಲೂ ಭಾರಿಯೇ, ಕಾಲ ಮಾತ್ರ ಹೋಗಿತ್ತು. ರೂಮಿನ ಬೀಗದ ಕೈಗೆ ಕಟ್ಟಿದ್ದ ಹಿತ್ತಾಳೆ ಬಿಲ್ಲೆಯ ಭಾರಕ್ಕೆ ನನ್ನ ಪೈಜಾಮ ಎರಡು ಸಲ ಜಾರಿತು.

ಮರುದಿನ ಬೆಳಗ್ಗೆ ಆರೂವರೆಗೆ ತಿಂಡಿ, ಏಳೂವರೆಗೆ ಆಗ್ರಾ ಬಸ್ಸು. "ಎಲ್ಲರೂ ಡೈನಿಂಗ್ ಹಾಲ್‌ಗೆ ಬನ್ನಿ" ಎಂದು ಹೇಳಿ ಟೂರ್ ಮ್ಯಾನೇಜರ್ ಬಸ್ಸು ನೋಡಲು ಹೋದ. ಇಪ್ಪತ್ತೆರಡು ಜನ ಹಿರಿಯರು ನನ್ನ ಮುಖ ನೋಡಿದರು.

"ರೀ, ರಿಸೆಪ್ಷನ್‌ನಲ್ಲಿ ಒಂದ್ ಮಾತು ಕೇಳಿ" ಎಂದಳು ಸುಧಾ.

"ದೆಹಲೀಲಿ ನಾನು ದಾರಿ ಕೇಳೋದಾ?" ಎಂದು ಹೊರಟೆ.

ಎಡಕ್ಕೆ ತಿರುಗಿದೆವು. ಗೋಡೆಯ ಮೇಲೊಂದು ಬಿಳಿ ಕುದುರೆಯ ಚಿತ್ರ. ಬಲಕ್ಕೆ ತಿರುಗಿ, ಮೆಟ್ಟಿಲಿಳಿದು, ಮತ್ತೆ ಎಡಕ್ಕೆ ಹೋದೆವು. ಅಲ್ಲಿಯೂ ಬಿಳಿ ಕುದುರೆ.

"ಈ ಕುದುರೇನ ಆಗ್ಲೇ ನೋಡಿದ್ವಲ್ಲ?" ಎಂದರು ಮಂಡಿನೋವಿನ ಗೆಳೆಯರೊಬ್ಬರು.

"ಅದು ಬೇರೆ ಕುದುರೆ" ಎಂದೆ.

ಮೂರನೆಯ ಕುದುರೆ ಎದುರಾದಾಗ ನಾನು ನಿಜಕ್ಕೂ ಬೆವರಿದೆ. ಹನ್ನೊಂದು ವರ್ಷದ ಮರ್ಯಾದೆ ಹನ್ನೊಂದು ನಿಮಿಷದಲ್ಲಿ ಹೋಗುವುದರಲ್ಲಿತ್ತು. ಅಷ್ಟರಲ್ಲಿ ಎಲ್ಲಿಂದಲೋ ಸಾಸಿವೆ, ಕರಿಬೇವು, ಇಂಗಿನ ಒಗ್ಗರಣೆಯ ಘಮ ತೇಲಿ ಬಂತು. "ಬನ್ನಿ, ಬನ್ನಿ, ಈ ಕಡೆ" ಎಂದು ಮೂಗು ತೋರಿಸಿದ ದಾರಿಯಲ್ಲಿ ಇಡೀ ಮೆರವಣಿಗೆಯನ್ನು ನಡೆಸಿದೆ.

ಒಂದು ತಳ್ಳುಬಾಗಿಲು ದಾಟಿದರೆ ಉದ್ದನೆಯ ಕೋಣೆ, ಸ್ಟೀಲ್ ಮೇಜುಗಳು. ಮಧ್ಯದಲ್ಲಿ ಕೊಪ್ಪರಿಗೆ ತುಂಬ ಹಬೆಯಾಡುವ ಉಪ್ಪಿಟ್ಟು. ಸೌಟು ಹಿಡಿದಿದ್ದ ಅಡುಗೆಯವನು ನಮ್ಮನ್ನು ಕಂಡು ಬಾಯಿ ತೆರೆದ.

"ಭಯ್ಯಾ, ಚೌಬೀಸ್ ಪ್ಲೇಟ್" ಎಂದು ನಮ್ಮಿಬ್ಬರನ್ನೂ ಸೇರಿಸಿ ಇಪ್ಪತ್ತನಾಲ್ಕು ತಟ್ಟೆಗೆ ಗಂಭೀರವಾಗಿ ಆಜ್ಞಾಪಿಸಿದೆ.

ಅವನು ಏನೋ ಹೇಳುವಷ್ಟರಲ್ಲಿ ನಮ್ಮತ್ತೆ, "ಅಯ್ಯೋ, ಉಪ್ಪಿಟ್ಟು ಕಣ್ರೀ. ನಾಲ್ಕು ದಿನದಿಂದ ಬ್ರೆಡ್ ತಿಂದೂ ತಿಂದೂ ನಾಲಿಗೆ ಸತ್ತೋಗಿತ್ತು" ಎಂದರು.

ಅವನ ಮುಖ ಅರಳಿತು. "ನೀವು ಕನ್ನಡದವ್ರಾ? ನಾನು ಕುಂದಾಪುರದವ. ಕೂತ್ಕೊಳ್ಳಿ ಮಾರಾಯ್ರೆ."

ಬಡಿಸಿದ, ಮತ್ತೆ ಬಡಿಸಿದ. ಕೊಪ್ಪರಿಗೆಯ ತಳ ಕಂಡಿತು. "ಅಳಿಯಂದ್ರೇ, ಎಂಥಾ ಏರ್ಪಾಡು" ಎಂದರು ಮಾವ. "ಏನೋ, ನನ್ನ ಕೈಲಾದದ್ದು" ಎಂದು ತಲೆ ತಗ್ಗಿಸಿದೆ. ಸುಧಾ ನನ್ನನ್ನೇ ದುರುಗುಟ್ಟಿ ನೋಡಿದಳು.

ಆಗ ಬಾಗಿಲು ತೆರೆದು, ಸಮವಸ್ತ್ರ ತೊಟ್ಟ ಹದಿನೈದು ಇಪ್ಪತ್ತು ಜನ ತಟ್ಟೆ ಹಿಡಿದು ಒಳಬಂದರು. ಖಾಲಿ ಕೊಪ್ಪರಿಗೆಯನ್ನು ನೋಡಿದರು. ಆಮೇಲೆ ನಮ್ಮನ್ನು.

"ಎಂತ ಇಲ್ಲ ಸಾರ್" ಎಂದ ಕುಂದಾಪುರದವ ಸಂಕೋಚದಿಂದ. "ಇದು ನಮ್ಮ ಸ್ಟಾಫಿನ ಮೆಸ್. ನಿಮ್ಮ ತಿಂಡಿ ಮೇಲೆ ಡೈನಿಂಗ್ ಹಾಲಲ್ಲಿ ಉಂಟು. ಬ್ರೆಡ್ಡು, ಜಾಮು."

ಭೂಮಿ ಬಾಯಿ ಬಿಟ್ಟಿದ್ದರೆ ಬೀಗದ ಕೈ ಸಮೇತ ಇಳಿದುಹೋಗುತ್ತಿದ್ದೆ. ಮಾವ ಮಾತ್ರ ಕೊನೆಯ ತುತ್ತು ಮುಗಿಸಿ ಕೈ ಒರೆಸಿಕೊಂಡರು.

"ಗೊತ್ತಿತ್ತು. ಬಾಗಿಲ ಮೇಲೆ ಅಷ್ಟು ದೊಡ್ಡದಾಗಿ ಬರೆದಿದ್ದಾರಲ್ಲ. ವಾಸನೆ ಚೆನ್ನಾಗಿತ್ತು, ಅದಕ್ಕೇ ಸುಮ್ನಾದೆ."

ಟೂರ್ ಮ್ಯಾನೇಜರ್ ಬಂದು ಹಣೆ ಚಚ್ಚಿಕೊಂಡ. ಕೊನೆಗೆ ನಮ್ಮ ಪಾಲಿನ ಬ್ರೆಡ್ಡು, ಜಾಮು, ಆಮ್ಲೆಟ್ಟು ಹೋಟೆಲ್ ಸಿಬ್ಬಂದಿಯ ಪಾಲಾಯಿತು. ಅವರಿಗೂ ಬಹಳ ಖುಷಿಯಾಯಿತಂತೆ.

ಆಗ್ರಾ ನೋಡಿ ಬಂದ ಮರುದಿನ ಬೆಳಗ್ಗೆ ಆರಕ್ಕೇ ನಮ್ಮ ರೂಮಿನ ಬಾಗಿಲು ಬಡಿದ ಸದ್ದು. ತೆರೆದರೆ ಮಾವ, ಅವರ ಹಿಂದೆ ಸ್ನಾನ ಮುಗಿಸಿ ವಿಭೂತಿ, ಕುಂಕುಮ ಇಟ್ಟುಕೊಂಡ ಇಡೀ ತಂಡ.

"ಅಳಿಯಂದ್ರೇ, ಇವತ್ತೂ ಹಾಗೇ ದಾರಿ ತಪ್ಪಿಸಿ."

ಉತ್ಸಾಹದಿಂದ ಹೊರಟೆ. ಎಡಕ್ಕೆ, ಬಲಕ್ಕೆ, ಮೆಟ್ಟಿಲಿಳಿದು ಮತ್ತೆ ಎಡಕ್ಕೆ. ಒಂದು ಕುದುರೆಯೂ ಸಿಗಲಿಲ್ಲ. ಹನ್ನೊಂದು ವರ್ಷದಲ್ಲಿ ಮೊದಲ ಬಾರಿಗೆ, ಯಾರನ್ನೂ ಕೇಳದೆ, ಎರಡೇ ನಿಮಿಷದಲ್ಲಿ ಸರಿಯಾದ ಜಾಗಕ್ಕೆ ಬಂದು ನಿಂತಿದ್ದೆ.

ಮುಂದೆ ಬ್ರೆಡ್ಡು, ಜಾಮು.