ಜಿಂಕೆಯ ಸಾಕ್ಷಿಯಾಗಿ ನಾನು ಕುಡುಕನಾದದ್ದು

ಮನುಷ್ಯನಿಗೆ ಕೆಟ್ಟ ಹೆಸರು ಬರಬೇಕಾದರೆ ಕೆಟ್ಟ ಕೆಲಸ ಮಾಡಲೇಬೇಕು ಎಂದೇನಿಲ್ಲ. ಮನೆಯಲ್ಲಿ ಸುಮ್ಮನೆ ಕುಳಿತು ಚಿತ್ರ ನೋಡಿದರೂ ಸಾಕಾಗುತ್ತದೆ. ನನಗೀಗ ಐವತ್ತನಾಲ್ಕು. ಇಷ್ಟು ವರ್ಷದಲ್ಲಿ ವಿಸ್ಕಿ ಎಂಬುದರ ಒಂದು ಹನಿಯೂ ನನ್ನ ನಾಲಿಗೆಗೆ ತಾಗಿಲ್ಲ. ಅದರ ವಾಸನೆ ಹೇಗಿರುತ್ತದೆ ಎಂದು ಕೇಳಿದರೆ, ರಾತ್ರಿಯ ಕಡೆಯ ಬಸ್ಸಿನ ಹಿಂದಿನ ಸೀಟಿನಂತೆ ಇರಬಹುದು ಎಂದು ಊಹಿಸಬಲ್ಲೆ, ಅಷ್ಟೇ. ಆದರೂ ಬ್ಯಾಡಗಿಯ ಒಂದು ಮನೆಯವರ ಪ್ರಕಾರ ನಾನು ಕುಡಿತಕ್ಕೆ ಬಿದ್ದು, ದೇವರ ದಯದಿಂದ ಎದ್ದವನು. ಕುಡಿಯದೆಯೇ ಕುಡಿತ ಬಿಟ್ಟವರು ರಾಣೆಬೆನ್ನೂರಿನಲ್ಲಿ ನನ್ನನ್ನು ಬಿಟ್ಟರೆ ಬೇರೆ ಯಾರೂ ಇರಲಾರರು.

ಆದದ್ದನ್ನು ಆದ ಹಾಗೆಯೇ ಹೇಳುತ್ತೇನೆ. ನಾನು ಹಾವೇರಿಯ ಕೋರ್ಟಿನಲ್ಲಿ ಬೆರಳಚ್ಚುಗಾರ. ಕಟಕಟೆಯಲ್ಲಿ ನಿಂತ ಸಾಕ್ಷಿ ಹೇಳಿದ್ದನ್ನು ಟೈಪು ಮಾಡುವುದು ನನ್ನ ಕೆಲಸ. ‘ನಿಧಾನ, ಆದರೆ ತಪ್ಪು ಸಿಗುವುದಿಲ್ಲ’ ಎಂದು ಹೆಸರಿದೆ. ಸಾಕ್ಷಿ ‘ಹೊತ್ತು ಮುಳುಗಿತ್ರಿ’ ಎಂದರೆ ವಕೀಲರು ‘ಪೂರ್ತಿ ಮುಳುಗಿತ್ತೋ, ಅರ್ಧವೋ’ ಎಂದು ಕೇಳುತ್ತಾರೆ. ಇಪ್ಪತ್ತೈದು ವರ್ಷ ಇದನ್ನೇ ಕೇಳಿದವನಿಗೆ ಎಷ್ಟು ದೂರ, ಯಾವ ಕೈ, ಎಷ್ಟು ಬೆಳಕು ಎನ್ನದೆ ಯಾವುದನ್ನೂ ನೋಡಲಾಗುವುದಿಲ್ಲ. ಕೋರ್ಟಿನಲ್ಲಿ ಇದು ಗುಣ, ಅಡುಗೆಮನೆಯಲ್ಲಿ ಅಲ್ಲ. ನನ್ನ ಹೆಂಡತಿ ಗಿರಿಜಾ ಊಟಕ್ಕೆ ಬಡಿಸಿ, “ಸಾರು ಹೆಂಗ ಆಗೈತ್ರಿ?” ಎಂದು ಕೇಳುತ್ತಿದ್ದಳು. ನಾನು ಎರಡು ತುತ್ತು ಉಂಡು ಯೋಚಿಸಿ, “ಮಂಗಳವಾರದ್ದಕ್ಕಿಂತ ಉಪ್ಪು ಒಂದು ಚಿಟಿಕೆ ಕಡಿಮೆ” ಎನ್ನುತ್ತಿದ್ದೆ. ಆಕೆ ಗೋಡೆಯ ಕಡೆ ತಿರುಗಿ, “ಕೇಳಿದೇನಪಾ ಇವರ ಮಾತ? ನೀನರ ಚಲೋ ಆಗೈತಿ ಅನ್ನು” ಎನ್ನುತ್ತಿದ್ದಳು.

ಗೋಡೆಯ ಮೇಲೆ ಇದ್ದದ್ದು ಒಂದು ಜಿಂಕೆ. ಕಟ್ಟು ಹಾಕಿಸಿದ ಬಣ್ಣದ ಚಿತ್ರ. ನಮ್ಮ ಮದುವೆಯಲ್ಲಿ ಮಾವನವರು ಕೊಟ್ಟದ್ದು. ಬ್ಯಾಡಗಿಯಲ್ಲಿ ಅವರದು ಮೆಣಸಿನಕಾಯಿ ದಲಾಲಿ ಅಂಗಡಿ. ಮುಂಬೈಯಿಂದ ಬಂದ ವ್ಯಾಪಾರಿಯೊಬ್ಬ ಅಂಗಡಿಯಲ್ಲಿ ಬಿಟ್ಟುಹೋದ, ಕೆಳಭಾಗ ಹರಿದ ಇಂಗ್ಲಿಷ್ ಪತ್ರಿಕೆಯಲ್ಲಿ ಅವರು ಈ ಚಿತ್ರ ಕಂಡರಂತೆ. ರಾಣೆಬೆನ್ನೂರಿನ ಕೃಷ್ಣಮೃಗ ಇಂಗ್ಲಿಷ್ ಪತ್ರಿಕೆಯವರೆಗೆ ಹೋಯಿತಲ್ಲ ಎಂದು ಹಿಗ್ಗಿ, ಕಟ್ಟು ಹಾಕುವವನ ಕೈಗೆ ಪುಟವನ್ನು ಕೊಟ್ಟು, “ಮೃಗ ಅಷ್ಟ ಇಟ್ಟು ಕೆಳಗಿನ ಹರಕು ಕತ್ತರಿಸಿ ಹಾಕಪಾ” ಎಂದರಂತೆ. ಮದುವೆಯ ಚಪ್ಪರದಲ್ಲಿ ಎಲ್ಲರೆದುರು ನನ್ನ ಕೈಗಿಟ್ಟು, “ನಿಮ್ಮೂರಿನ ಮೃಗ, ನಿಮ್ಮ ಮನಿಯಾಗ ಇರಲಿ. ಕೆಳಗ ನೋಡ್ರಿ, ಮೇಡ್ಲೇರಿ ಕಡೆ ಸೂರ್ಯ ಹುಟ್ಟಾಕತ್ತಾನ” ಎಂದರು. ನಿಜವಾಗಿಯೂ ಚಿತ್ರದ ಕೆಳಗಿನ ಎಡಮೂಲೆಯಲ್ಲಿ ಚಿನ್ನದ ಬಣ್ಣದ ಒಂದು ಅರ್ಧ ದುಂಡು ಹೊಳೆಯುತ್ತಿತ್ತು. ಗಿರಿಜಾ ದಿನಾ ಬೆಳಿಗ್ಗೆ ಚಿತ್ರದ ಗಾಜು ಒರೆಸಿ ಆ ಸೂರ್ಯನಿಗೆ ಒಂದು ಬೊಟ್ಟು ಕುಂಕುಮ ಇಡುತ್ತಿದ್ದಳು. ಹಬ್ಬದಲ್ಲಿ ಒಂದು ಚೆಂಡುಹೂವು.

ಒಮ್ಮೆ ಆಕೆ ಕೇಳಿದ್ದುಂಟು: “ಅಲ್ರಿ, ನಮ್ಮ ಅಡವಿಯಾಗಿನ ಮೃಗದ ಕೊಂಬು ತಿರುಪಿನ ಮೊಳಿಹಂಗ ನೆಟ್ಟಗ ಇರತಾವು. ಇದಕ ಯಾಕ ಹಿಂಗ ಗಿಡದಂಗ ಟೊಂಗಿ ಒಡದಾವು?” ನಾನು ಪತ್ರಿಕೆಯಿಂದ ತಲೆಯೆತ್ತದೆ, “ವಯಸ್ಸಾದಂಗ ಒಡೀತಾವ” ಎಂದೆ. ಬಾಳಿನಲ್ಲಿ ನಾನು ಯೋಚಿಸದೆ ಕೊಟ್ಟ ಉತ್ತರ ಅದೊಂದೇ. ಆಕೆ ನಂಬಿದಳು.

ಮೂರು ವರ್ಷದ ಹಿಂದೆ ಗಿರಿಜಾ ಹೋದಳು. ಮೂರು ದಿನದ ಜ್ವರ. ಅದರ ಬಗ್ಗೆ ನನ್ನಿಂದ ಇಷ್ಟೇ ಬರೆಯಲಾಗುತ್ತದೆ.

ನಮಗೆ ಮಕ್ಕಳಿಲ್ಲ. ಕೋರ್ಟು ಮುಗಿಸಿ ಬಸ್ಸು ಹತ್ತಿ ನಾನು ಬಾಗಿಲ ಬೀಗ ತೆಗೆಯುವಾಗ ಆರೂಮುಕ್ಕಾಲು. ಮಲಗುವುದು ಒಂಬತ್ತೂವರೆಗೆ. ನಡುವಿನ ಎರಡೂಮುಕ್ಕಾಲು ಗಂಟೆ ಏನು ಮಾಡಬೇಕೆಂದು ನನಗೆ ಯಾರೂ ಕಲಿಸಿರಲಿಲ್ಲ. ಸಾರಿಗೆ ಉಪ್ಪು ಕಡಿಮೆಯಾದರೆ ಹೇಳುವುದು ಯಾರಿಗೆ? ಒಂದು ಸಲ ಜಿಂಕೆಗೇ ಹೇಳಿ ನೋಡಿದೆ. ಅದು ಗಿರಿಜಾಳ ಪಕ್ಷದ ಸಾಕ್ಷಿ. ನನಗೆ ಉತ್ತರ ಕೊಡಲಿಲ್ಲ. ಇನ್ನೊಂದು ಸಂಗತಿಯನ್ನೂ ಗಮನಿಸಿದೆ. ಮನೆಯಲ್ಲಿ ನನಗೆ ಸೀನು ಬರುವುದು ನಿಂತಿತ್ತು. ತವರಿನ ಮೆಣಸಿನಕಾಯಿ ತಂದು ಗಿರಿಜಾ ಒಗ್ಗರಣೆಗೆ ಹಾಕಿದಳೆಂದರೆ ನಾನು ನಾಲ್ಕು ಸಲ ಸೀನುತ್ತಿದ್ದೆ. ಈಗ ಮೋಟೆಬೆನ್ನೂರಿನಲ್ಲಿ ಬಸ್ಸು ನಿಂತು ಬ್ಯಾಡಗಿಯವರು ಹತ್ತಿದಾಗ ಒಮ್ಮೆ ಸೀನುತ್ತೇನೆ, ದಿನದ ಲೆಕ್ಕಕ್ಕೆ ಅಷ್ಟೇ.

ಹೀಗಿರುವಾಗ ಒಂದು ಸಂಜೆ ಬಸ್‌ಸ್ಟ್ಯಾಂಡಿನ ಹಿಂದಿನ ಇಮಾಮಸಾಬರ ರದ್ದಿ ಅಂಗಡಿಯ ಮುಂದೆ ನಿಂತೆ. ಕುಮಾರಪಟ್ಟಣದ ಕಾರ್ಖಾನೆಯಿಂದ ವರ್ಗವಾಗಿ ಹೋದ ಯಾರೋ ಅಧಿಕಾರಿ ಮಾರಿದ ಹಳೆಯ ಇಂಗ್ಲಿಷ್ ಪತ್ರಿಕೆಗಳ ಗಂಟು ಬಿದ್ದಿತ್ತು. ಬಹುಪಾಲು ಪತ್ರಿಕೆಗಳ ಹಿಂಬದಿಯಲ್ಲಿ ವಿಸ್ಕಿಯ ಜಾಹೀರಾತು. ಆಗೆಲ್ಲ ಇದಕ್ಕೆ ಅಡ್ಡಿ ಇರಲಿಲ್ಲ. ಈಗ ಅದೇ ಕಂಪನಿಗಳು ನಾಚಿಕೊಂಡು ಸೋಡಾ ನೀರನ್ನು ಹೊಗಳುತ್ತವೆ. ನನ್ನನ್ನು ಹಿಡಿದು ನಿಲ್ಲಿಸಿದ್ದು ಬಾಟಲಿಯಲ್ಲ, ಕುರ್ಚಿ. ಬೆಂಕಿಗೂಡಿನ ಮುಂದೆ ಎರಡು ಚರ್ಮದ ಕುರ್ಚಿ, ಎರಡು ಗ್ಲಾಸು. ಒಂದರಲ್ಲಿ ಕೋಟು ತೊಟ್ಟ ನರೆಗೂದಲಿನವನು, ಇನ್ನೊಂದರಲ್ಲಿ ಅವನ ಮಾತಿಗೆ ನಗುತ್ತಿರುವ ಗೆಳೆಯ. ಕಾಲಬಳಿ ನಾಯಿ. ಗಂಟನ್ನೆಲ್ಲ ತಿರುವಿ ನೋಡಿದೆ. ದೋಣಿಯಲ್ಲಿ ಇಬ್ಬರು, ಕುದುರೆಯ ಜೂಜಿನಲ್ಲಿ ನಾಲ್ವರು, ಮಳೆ ಬೀಳುವ ಕಿಟಕಿಯ ಬಳಿ ಗಂಡಹೆಂಡಿರು. ಮನುಷ್ಯರಿದ್ದ ಯಾವ ಚಿತ್ರದಲ್ಲೂ ಯಾರೂ ಒಬ್ಬರೇ ಕುಳಿತಿರಲಿಲ್ಲ. ಕುಡಿದವರೆಲ್ಲ ಕಡೆಗೆ ಒಂಟಿಯಾಗುತ್ತಾರೆಂದು ಕೇಳಿದ್ದೆ. ಕುಡಿಯದೆ ಒಂಟಿಯಾದ ನಾನು ನಿಂತೇ ಹತ್ತು ನಿಮಿಷ ನೋಡಿದೆ.

ಒಂದು ಕಟ್ಟು ಮನೆಗೆ ತಂದೆ. ಆಮೇಲೆ ಇನ್ನೊಂದು. ಇಮಾಮಸಾಬರು, “ಸಾಹೇಬ್ರ, ಒಳಗಿನ ಹಾಳಿ ನನಗ ತಿರುಗಿ ಕೊಡ್ರಿ, ನಿಮಗ ಹಿಂದಿನ ರಟ್ಟು ಅಷ್ಟ ಸಾಕಲ್ಲ?” ಎನ್ನುವಷ್ಟು ನನ್ನ ಚಟವನ್ನು ತಿಳಿದುಕೊಂಡರು. ಸಂಜೆ ಮೇಜಿನ ಮೇಲೆ ಹಾಳೆಗಳನ್ನು ಹರಡಿ ಕೂರುತ್ತಿದ್ದೆ. ಯಾರು ಯಾವ ಕೈಯಲ್ಲಿ ಗ್ಲಾಸು ಹಿಡಿದಿದ್ದಾರೆ, ಗಡಿಯಾರದಲ್ಲಿ ಎಷ್ಟು ಗಂಟೆ, ಯಾರು ಮಾತಾಡುತ್ತಿದ್ದಾರೆ, ಯಾರು ಕೇಳುತ್ತಿದ್ದಾರೆ, ಎಲ್ಲವನ್ನೂ ನೋಡುತ್ತಿದ್ದೆ. ನರೆಗೂದಲಿನವನ ಪರಿಚಯ ನನಗೆ ಚೆನ್ನಾಗಿಯೇ ಆಯಿತು. ಎರಡೂಮುಕ್ಕಾಲು ಗಂಟೆ ಕಳೆಯತೊಡಗಿತು.

ಹೋದ ವರ್ಷ ದೀಪಾವಳಿಯ ಮುಂಚೆ ಒಂದು ಸೋಮವಾರ ಗಿರಿಜಾಳ ತಮ್ಮ ಬಸಣ್ಣ ಫೋನು ಮಾಡಿದ. ಮಾವನವರು ತೀರಿಕೊಂಡ ಮೇಲೆ ಬ್ಯಾಡಗಿಯ ಅಂಗಡಿಯನ್ನು ಅವನೇ ನೋಡಿಕೊಳ್ಳುತ್ತಾನೆ. ಮಾವನವರಂತೆಯೇ ಕುಡಿತದ ವೈರಿ. ಓಣಿಯಲ್ಲಿ ಯಾರಾದರೂ ತೂರಾಡಿದರೆ ಮನೆಗೆ ಹೋಗಿ ಬುದ್ಧಿ ಹೇಳಿ, ಆಣೆ ಮಾಡಿಸಿ ಬರುವವನು. ಅಕ್ಕನ ವರ್ಷಾಂತಿಕ ಮುಗಿದ ಮೇಲೆ ನಮ್ಮ ಮನೆಗೆ ಬಂದಿರಲಿಲ್ಲ. “ಮಾವಾರ, ಹೊಸಾ ಮನಿ ಕಟ್ಟಿಸೇನಿ. ಅಪ್ಪಾರದು ಏನರ ಒಂದು ಪಡಸಾಲಿಯೊಳಗ ಇರಬೇಕು ಅನಸೇತಿ. ಆ ಜಿಂಕಿ ಫೋಟೋ ಕೊಡ್ತೀರೇನ್ರಿ? ಐತಾರ ಬರತೇನಿ” ಎಂದ. ಬೇಡ ಎನ್ನಲು ನನಗೆ ಯಾವ ಹಕ್ಕು? “ಆತು” ಎಂದೆ. ಫೋನಿಟ್ಟ ಮೇಲೆ ಗೋಡೆಯ ಮುಂದೆ ನಿಂತೆ. ಗಿರಿಜಾ ಈ ಮನೆಯಲ್ಲಿ ಆಡಿದ ಮಾತಿನಲ್ಲಿ ಅರ್ಧ ನನಗೆ, ಅರ್ಧ ಇದಕ್ಕೆ. ನನ್ನ ಪಾಲನ್ನು ನಾನು ಸರಿಯಾಗಿ ಕೇಳಿಸಿಕೊಂಡಿರಲಿಲ್ಲ. ಕೇಳಿಸಿಕೊಂಡದ್ದು ಇದೊಂದೇ. ಇದೂ ಹೋದರೆ ಮನೆಯಲ್ಲಿ ಉಳಿಯುವುದು ಮೊಳೆ.

ಗುರುವಾರ ಇಮಾಮಸಾಬರಲ್ಲಿ ತಂದ ಕಟ್ಟು ಬಿಚ್ಚಿದಾಗ ಮೂರನೆಯ ಪತ್ರಿಕೆಯ ಹಿಂಬದಿಯಲ್ಲಿ ಆ ಜಿಂಕೆಯೇ ನಿಂತಿತ್ತು.

ಹಾಳೆಯನ್ನು ಗೋಡೆಯ ಚಿತ್ರದ ಪಕ್ಕ ಹಿಡಿದು ಒಂದೊಂದಾಗಿ ನೋಡಿದೆ. ಅದೇ ಬೆಟ್ಟ. ಅದೇ ಹರಿದ ಮೋಡ. ಮುಂಗಾಲ ಬಳಿ ಅದೇ ಕಲ್ಲು. ಕೊಂಬಿನ ಟೊಂಗೆ ಎಣಿಸಿದೆ: ಇಲ್ಲಿ ಹನ್ನೊಂದು, ಅಲ್ಲಿ ಹನ್ನೊಂದು. ಆದರೆ ಹಾಳೆಯಲ್ಲಿ ಚಿತ್ರ ಅಲ್ಲಿಗೆ ನಿಲ್ಲದೆ ಕೆಳಗೆ ಇನ್ನೂ ಒಂದು ಗೇಣು ಮುಂದುವರಿದಿತ್ತು. ಅಲ್ಲಿ ಎಡಕ್ಕೆ ಒಂದು ವಿಸ್ಕಿ ಬಾಟಲಿ, ಪಕ್ಕದಲ್ಲಿ ಎರಡು ಗ್ಲಾಸು. ಮೇಡ್ಲೇರಿ ಕಡೆ ಹುಟ್ಟುತ್ತಿದ್ದ ಸೂರ್ಯ ಆ ಬಾಟಲಿಯ ಮುಚ್ಚಳವಾಗಿತ್ತು. ಜಿಂಕೆ ಸ್ಕಾಟ್ಲೆಂಡಿನದು. ಕುಡುಕನ ಮನೆಯ ನೀರೂ ಮುಟ್ಟದ ಮಾವನವರು ಅಳಿಯನಿಗೆ ವಿಸ್ಕಿಯ ಜಾಹೀರಾತನ್ನು ಉಡುಗೊರೆ ಕೊಟ್ಟಿದ್ದರು. ಅವರ ಮಗಳು ಇಪ್ಪತ್ತಮೂರು ವರ್ಷ ಬಾಟಲಿಯ ಮುಚ್ಚಳಕ್ಕೆ ಕುಂಕುಮ ಇಟ್ಟಿದ್ದಳು. ನನಗೆ ನಗು ಬಂತು. ನಗುತ್ತಲೇ “ಗಿರಿಜಾ, ಇಲ್ಲಿ ಬಾ” ಎಂದು ಕರೆದೆ. ಕರೆದ ಮೇಲೆ ಕುರ್ಚಿ ಹುಡುಕಿ ಕುಳಿತೆ.

ಕೊಂಚ ಹೊತ್ತಿನ ಮೇಲೆ ಕೋರ್ಟಿನ ಬುದ್ಧಿ ಕೆಲಸ ಮಾಡಿತು. ಬಸಣ್ಣನಿಗೆ ಈ ಹಾಳೆ ತೋರಿಸಿದರೆ ಸಾಕು. ವಿಸ್ಕಿಯ ಜಿಂಕೆಯನ್ನು ಅವನು ಹೊಸ ಮನೆಯ ಹೊಸ್ತಿಲು ದಾಟಿಸುವುದಿಲ್ಲ. ಜಿಂಕೆ ನನ್ನದಾಗಿಯೇ ಉಳಿಯುತ್ತದೆ. ಸುಳ್ಳನ್ನೂ ಹೇಳಿದಂತಾಗುವುದಿಲ್ಲ. ಶನಿವಾರವೆಲ್ಲ ಹೇಗೆ ಹೇಳಬೇಕೆಂದು ಬಾಯಿಪಾಠ ಮಾಡಿದೆ.

ಭಾನುವಾರ ಬೆಳಿಗ್ಗೆ ಗಂಟಲು ಕೆರೆಯುತ್ತಿತ್ತು. ಶುಂಠಿ ಬೆಲ್ಲದ ಕಷಾಯ ಕಾಸಿ, ಗಾಜಿನ ಲೋಟಕ್ಕೆ ಬಗ್ಗಿಸಿ ಮೇಜಿನ ಮೇಲಿಟ್ಟು, ಸುತ್ತ ಹಾಳೆಗಳನ್ನು ಹರಡಿ, ಜಿಂಕೆಯದನ್ನು ಎಲ್ಲದರ ಕೆಳಗೆ ಸೇರಿಸಿ ಸ್ನಾನಕ್ಕೆ ಹೋದೆ. ಮೈ ಒರೆಸಿಕೊಳ್ಳುವಾಗ ಇದ್ದಕ್ಕಿದ್ದಂತೆ ಸೀನು ಬಂತು. ಒಂದರ ಮೇಲೊಂದು ನಾಲ್ಕು. ಹೊರಗೆ ಬಂದು ನೋಡಿದರೆ ಬಸಣ್ಣ. ಅಂಗಿಯ ತುಂಬ ಅಂಗಡಿಯ ಘಾಟು. ಮೇಜಿನ ಮುಂದೆ ನಿಂತು ಕಷಾಯದ ಲೋಟವನ್ನು ಬೆಳಕಿಗೆ ಹಿಡಿದಿದ್ದ. ಮೆಣಸಿನಕಾಯಿಯ ನಡುವೆ ಬೆಳೆದವನಿಗೆ ಶುಂಠಿಯ ವಾಸನೆ ಎಲ್ಲಿಂದ ಹತ್ತಬೇಕು?

“ಮಾವಾರ, ಯಾವಾಗಿಂದ ಇದು?” ಎಂದ. ಅವನ ದೃಷ್ಟಿ ಹಾಳೆಗಳ ಮೇಲಿತ್ತು. ಹಾಳೆಗಳ ವಿಷಯವೆಂದು ತಿಳಿದು ನಾನು ಸರಿಯಾಗಿಯೇ ಉತ್ತರಿಸಿದೆ.

“ಒಂದೂವರೆ ವರ್ಷ ಆತು.”

“ದಿನಾ?”

“ದಿನಾ. ಕೋರ್ಟಿನಿಂದ ಬಂದ ಮೇಲೆ. ಐತಾರ ಸ್ವಲ್ಪ ಜಾಸ್ತಿ.”

“ಒಬ್ಬರ ಕುಂತು?”

“ಒಬ್ಬನ. ಮತ್ತ ಯಾರದಾರ ಇಲ್ಲಿ?”

ಬಸಣ್ಣ ಲೋಟ ಕೆಳಗಿಟ್ಟು, ಹೆಗಲ ಮೇಲಿನ ಟವೆಲಿನಿಂದ ಮುಖ ಮುಚ್ಚಿಕೊಂಡ. ದಪ್ಪ ಮನುಷ್ಯ, ಅವನ ಭುಜ ಅಲುಗಿದ್ದನ್ನು ಕಂಡಮೇಲೆಯೇ ನನಗೆ ವಿಷಯ ತಿಳಿದದ್ದು. “ತಪ್ಪು ನಂದೈತ್ರಿ” ಎಂದ. “ಅಕ್ಕ ಹ್ವಾದ ಮ್ಯಾಲೆ ನಾವು ಯಾರೂ ಈ ಕಡೆ ಹಾಯಲಿಲ್ಲ. ಓಣಿ ಮಂದಿಗೆಲ್ಲ ಬುದ್ಧಿ ಹೇಳಕೋತ ತಿರಗ್ಯಾಡೇನಿ, ನಮ್ಮ ಮಾವಾರು ಮನಿಯಾಗ ಏನ ಮಾಡಾಕತ್ತಾರ ಅಂತ ನೋಡಲಿಲ್ಲ. ಅದೂ ಅಪ್ಪಾರ ಜಿಂಕಿ ಮುಂದ ಕುಂತು!”

ನಾನು ಹಾಳೆಗಳ ಅಡಿಗೆ ಕೈ ಹಾಕಿದೆ. ಜಿಂಕೆಯ ಹಾಳೆ ಬೆರಳಿಗೆ ತಾಗುತ್ತಿತ್ತು. ಎಳೆದರೆ ನಾನು ನಿರ್ದೋಷಿ, ಜಿಂಕೆಯೂ ನನ್ನದು. ಅವನ ಅಪ್ಪ ಮಾತ್ರ ಆ ಕ್ಷಣದಿಂದ ಓಣಿಯ ನಗೆಗೆ ಗುರಿ, ಗಿರಿಜಾಳ ಕುಂಕುಮವೂ ಕೂಡ. ಎಷ್ಟು ಹೊತ್ತು ಹಾಗೆ ನಿಂತೆನೆಂದು ಹೇಳಲಾರೆ. ಗಡಿಯಾರ ನೋಡದ ಹೊತ್ತು ಅದೊಂದೇ. ಕೈ ಹೊರಗೆ ತೆಗೆದೆ. ಖಾಲಿಯಾಗಿಯೇ ತೆಗೆದೆ.

“ಬರ್ರಿ ಇಲ್ಲೆ” ಎಂದು ಬಸಣ್ಣ ನನ್ನ ರಟ್ಟೆ ಹಿಡಿದು ಗೋಡೆಯ ಬಳಿ ಒಯ್ದ. “ಇದರ ಮ್ಯಾಲೆ ಕೈ ಇಟ್ಟು ಆಣಿ ಮಾಡ್ರಿ. ಇನ್ನ ಮುಂದ ಮುಟ್ಟಂಗಿಲ್ಲ ಅನ್ರಿ.”

ಸಾವಿರಾರು ಜನ ಪ್ರಮಾಣ ಮಾಡುವುದನ್ನು ಕಂಡವನು ನಾನು. ಆ ದಿನ ಗಾಜಿನ ಮೇಲೆ ಅಂಗೈ ಊರಿದಾಗ ನನ್ನ ಹೆಬ್ಬೆರಳು ಮೇಡ್ಲೇರಿಯ ಸೂರ್ಯನ ಮೇಲೆಯೇ ಕೂತಿತು. ಗಿರಿಜಾಳ ಕುಂಕುಮದ ಕೆಂಪು ಗಾಜಿನ ಅಂಚಿನಲ್ಲಿ ಇನ್ನೂ ಇತ್ತು. “ಇನ್ನ ಮುಂದ ಒಂದು ಹನಿನೂ ಕುಡಿಯೂದಿಲ್ಲ” ಎಂದೆ. ವಿಸ್ಕಿ ಬಾಟಲಿಯ ಮುಚ್ಚಳ ಮುಟ್ಟಿ ವಿಸ್ಕಿ ಬಿಟ್ಟೆ. ಹೇಳಿದ್ದರಲ್ಲಿ ಒಂದು ಅಕ್ಷರವೂ ಸುಳ್ಳಲ್ಲ. ಅದಕ್ಕೇ ಧ್ವನಿ ನಡುಗಿತೋ ಏನೋ. ಬಸಣ್ಣ ಅದನ್ನು ಪಶ್ಚಾತ್ತಾಪವೆಂದು ಬಗೆದ.

ಹೋಗುವಾಗ ಅವನು ಜಿಂಕೆಯನ್ನು ಒಯ್ಯಲಿಲ್ಲ. “ಆಣಿ ಮಾಡಿದ್ದು ಕಣ್ಣ ಮುಂದ ಇರಬೇಕ್ರಿ. ನನ್ನ ಮನಿಗಿಂತ ಇದು ನಿಮಗ ಬೇಕು” ಎಂದ. “ಐತಾರಕ್ಕೊಮ್ಮೆ ನಾನೂ ಬಂದು ನೋಡಿ ಹೋಗತೇನಿ.”

ಹಾಗೆಯೇ ಬರತೊಡಗಿದ. ಮೊದಲು ಅಡುಗೆಮನೆಯ ಡಬ್ಬಿಗಳ ಹಿಂದೆ, ಆಮೇಲೆ ಹಾಸಿಗೆಯ ಕೆಳಗೆ ತಪಾಸಣೆ. ಅದು ಮುಗಿದರೆ ರೊಟ್ಟಿಯ ಗಂಟು ಬಿಚ್ಚುತ್ತಿದ್ದ. ಅವನ ಹೆಂಡತಿಯ ಕೆಂಪು ಚಟ್ನಿಗೆ ನಾನು ಸೀನುತ್ತಿದ್ದೆ. ಎರಡು ಕುರ್ಚಿ ಎದುರುಬದುರು ಹಾಕಿಕೊಂಡು, ಎರಡು ಲೋಟ ಮಜ್ಜಿಗೆ ಇಟ್ಟುಕೊಂಡು ಕೂರುತ್ತಿದ್ದೆವು. ಚಿಕ್ಕಂದಿನಲ್ಲಿ ಗಿರಿಜಾ ಅವನಿಗೆ ಹೊಡೆದದ್ದು, ಮೆಣಸಿನಕಾಯಿ ಚೀಲದ ಮೇಲೆ ಇಬ್ಬರೂ ನಿದ್ದೆಹೋಗಿ ಕಣ್ಣು ಊದಿಸಿಕೊಂಡು ಎದ್ದದ್ದು, ನನಗೆ ಗೊತ್ತಿಲ್ಲದ್ದನ್ನೆಲ್ಲ ಹೇಳುತ್ತಿದ್ದ. ಈ ಸಲ ನಾನು ಸರಿಯಾಗಿ ಕೇಳಿಸಿಕೊಂಡೆ. ಎಷ್ಟೋ ತಿಂಗಳು ನಾನು ಆ ಹಾಳೆಗಳನ್ನು ಬಿಚ್ಚಲೇ ಇಲ್ಲ.

ಹೋದ ಭಾನುವಾರ ಬಸಣ್ಣ ಚಪ್ಪಲಿ ಮೆಟ್ಟುತ್ತ, “ಗೆದ್ರಿ ಮಾವಾರ. ಪೂರಾ ಬಿಟ್ಟೀರಿ. ಇನ್ನ ನಾ ತಿಂಗಳಿಗೊಮ್ಮೆ ಹಾದರೂ ನಡದೀತು” ಎಂದು ಬೆನ್ನು ತಟ್ಟಿದ. ನಾನು ತಲೆಯಾಡಿಸಿದೆ. ಸೋಮವಾರದಿಂದ ಶುಕ್ರವಾರದವರೆಗೆ ಯೋಚಿಸಿದೆ, ನಾನು ನಿಧಾನ.

ನಿನ್ನೆ ಸಂಜೆ ಇಮಾಮಸಾಬರ ಅಂಗಡಿಗೆ ಹೋದೆ. “ಭಾಳ ದಿನಾ ಆತಲ್ರಿ ಸಾಹೇಬ್ರ, ಬಿಟ್ಟೀರಿ ಅಂತ ತಿಳದಿದ್ದೆ” ಎಂದರು. ಒಂದು ಹಾಳೆ ಆರಿಸಿದೆ: ಬೆಂಕಿಗೂಡು, ಎರಡು ಕುರ್ಚಿ, ನರೆಗೂದಲಿನವನು. ಮನೆಗೆ ತಂದು ಹಾಸಿಗೆಯ ಕೆಳಗೆ, ಬಸಣ್ಣ ಹುಡುಕುವ ಮೂಲೆಯಲ್ಲಿ, ಎರಡು ಬೆರಳಷ್ಟು ಅಂಚು ಹೊರಗೆ ಕಾಣುವಂತೆ ಇಟ್ಟೆ. ಇವತ್ತು ಭಾನುವಾರವಾದರೂ ಅವನು ತಾನಾಗಿ ಬರುವುದಿಲ್ಲ ಎಂದು ಗೊತ್ತು. ಅದಕ್ಕೇ ಬೆಳಿಗ್ಗೆ ಫೋನು ಮಾಡಿ, “ಬಸಣ್ಣ, ಯಾಕೋ ಮನಸ್ಸು ಸ್ವಲ್ಪ ಆ ಕಡೆ ಎಳೀತೈತಿ” ಎಂದೆ. ಅದೂ ಸುಳ್ಳಲ್ಲ. ಮಜ್ಜಿಗೆ ಕಡೆದಿಟ್ಟಿದ್ದೇನೆ, ಕುರ್ಚಿ ಎರಡೂ ಹಾಕಿದ್ದೇನೆ. ಜಿಂಕೆಯ ಕೆಳಗೆ ಕುಳಿತು ಸೀನು ಬರುವುದನ್ನು ಕಾಯುತ್ತಿದ್ದೇನೆ.