ಹೆಸರಿದೆ, ಪಾತ್ರೆ ಎಲ್ಲಿ?

ಒಬ್ಬ ಮನುಷ್ಯನ ಸಂಸ್ಕಾರ ತಿಳಿಯಬೇಕಾದರೆ ಅವನ ಜೊತೆ ರೈಲಿನಲ್ಲಿ ಪ್ರಯಾಣ ಮಾಡಬೇಕು ಎನ್ನುತ್ತಾರೆ. ಅಷ್ಟು ದೂರ ಹೋಗಬೇಕಾಗಿಲ್ಲ. ಅವನಿಗೆ ಒಂದು ಡೊಮೈನ್ ಹೆಸರು ಮಾರಲು ಹೋಗಿ ಸಾಕು. ನಾನು ಒಂದೂವರೆ ವರ್ಷ ಆ ಕೆಲಸ ಮಾಡಿದೆ. ಯಾರಾದರೊಬ್ಬರು ತಮ್ಮ ಸಂಸ್ಕಾರವನ್ನು ತೋರಿಸದೆ ಬಿಟ್ಟ ವಾರ ನನಗೆ ನೆನಪಿಲ್ಲ.

ಅಂಗಡಿಗೊಂದು ಇಂಟರ್ನೆಟ್ ವಿಳಾಸ ಬೇಕು, ಅದರ ಬಾಲಕ್ಕೆ ಡಾಟ್ ಕಾಮ್ ಇರಬೇಕು ಎಂದು ಮದರಾಸಿನ ವ್ಯಾಪಾರಿಗಳು ಆಗತಾನೆ ಕೇಳಿಸಿಕೊಳ್ಳುತ್ತಿದ್ದ ಕಾಲ. ನಾನು ವಿಮಾ ಕಚೇರಿಯ ಕ್ಲೇಮು ವಿಭಾಗದಿಂದ ಸ್ವಯಂನಿವೃತ್ತಿ ಪಡೆದು ಬೆಸೆಂಟ್ ನಗರದ ಫ್ಲ್ಯಾಟಿನಲ್ಲಿ ಕೂತಿದ್ದೆ. ಒಳ್ಳೆಯ ಹೆಸರುಗಳನ್ನು ಮೊದಲೇ ನೋಂದಾಯಿಸಿಟ್ಟುಕೊಂಡು ಬೇಕಾದವರಿಗೆ ಮಾರುವುದು ಹೊಸ ಉದ್ಯೋಗ. ಇದರಲ್ಲಿ ಕಳ್ಳರೂ ಇದ್ದರು. ದೊಡ್ಡ ಕಂಪನಿಯ ಹೆಸರನ್ನೇ ಹಿಡಿದಿಟ್ಟು ಅದೇ ಕಂಪನಿಯ ಕುತ್ತಿಗೆಯ ಮೇಲೆ ಕೂರುವವರು. ನಾನು ಹಾಗಲ್ಲ. ಯಾರ ಸ್ವಂತ ಹೆಸರನ್ನೂ ಮುಟ್ಟುತ್ತಿರಲಿಲ್ಲ. ಪಾತ್ರೆ, ಪೀಠೋಪಕರಣ, ಹಲ್ಲು ಇತ್ಯಾದಿ ಎಲ್ಲರಿಗೂ ಸೇರಿದ ಇಂಗ್ಲಿಷ್ ಪದಗಳು ಮಾತ್ರ.

ನನ್ನ ಪತ್ರದಲ್ಲಿ ಮೂರೇ ಪ್ಯಾರಾ. ಮೊದಲನೆಯದು, ಇಂಥ ಹೆಸರು ನನ್ನಲ್ಲಿದೆ. ಎರಡನೆಯದು, ಅದರಿಂದ ತಮಗಾಗುವ ಅನುಕೂಲ. ಮೂರನೆಯದು, ಬೆಲೆ ಇಷ್ಟು, ಚೌಕಾಶಿ ಇಲ್ಲ, ಬೇಡವಾದರೆ ಒಂದು ಸಾಲು ಬರೆದರೆ ಸಾಕು. ಇಮೇಲ್ ಕಳಿಸಿ, ಕಚೇರಿಯ ಅಭ್ಯಾಸದಂತೆ ಸಹಿ ಮಾಡಿದ ಪ್ರತಿಯನ್ನು ಅಂಚೆಯಲ್ಲೂ ಕಳಿಸುತ್ತಿದ್ದೆ. ಬೈದು ಬರೆದವರಿಗೂ ಉತ್ತರ ಹೋಗುತ್ತಿತ್ತು: 'ತಮ್ಮ ನಿರಾಕರಣೆ ತಲುಪಿತು. ಬೈಗುಳವನ್ನು ಕಡತಕ್ಕೆ ಸೇರಿಸಲಾಗಿದೆ. ತಮ್ಮ ವ್ಯಾಪಾರ ವೃದ್ಧಿಸಲಿ.' ನನ್ನನ್ನು ಓದಿಸಿದ ಪಾದ್ರಿಗಳು, ಉತ್ತರ ಕೊಡದ ಪತ್ರ ತೊಳೆಯದ ತಟ್ಟೆಗೆ ಸಮ ಎನ್ನುತ್ತಿದ್ದರು.

ಕಂಪ್ಯೂಟರು ಇದ್ದದ್ದು ಬೀದಿ ಕಡೆಯ ಚಿಕ್ಕ ಕೋಣೆಯಲ್ಲಿ. ಆ ಕೋಣೆಯ ಮೇಲೆ ನನ್ನ ಹೆಂಡತಿಗೆ ಬಹಳ ದಿನದ ಕಣ್ಣು. ಅವಳಿಗೆ ಅಲ್ಲಿ ಸಂಗೀತದ ಪಾಠ ಶುರುಮಾಡಬೇಕಿತ್ತು. ಒಂದು ವಿಜಯದಶಮಿಯ ದಿನ ಅವಳು ಕರಾರು ಹಾಕಿದಳು: "ಮುಂದಿನ ವಿಜಯದಶಮಿಯೊಳಗೆ ನಿಮ್ಮ ಆ ಪತ್ರ ಓದಿ ಒಬ್ಬನಾದರೂ ಒಂದು ಹೆಸರು ಕೊಂಡರೆ ಕೋಣೆ ನಿಮ್ಮದು. ಇಲ್ಲದಿದ್ದರೆ ನನ್ನದು."

ನಾನು ಒಪ್ಪಿದೆ. ನನ್ನ ಪತ್ರದ ಮೇಲೆ ನನಗೆ ನಂಬಿಕೆಯಿತ್ತು.

೧. ಒಂದು ಪ್ರಶ್ನೆ

ಕರಾರಿನ ನಂತರದ ಮೊದಲ ಪತ್ರ ಪಲ್ಲಾವರಂನ ಒಬ್ಬ ಸ್ಟೀಲ್ ಪಾತ್ರೆ ವ್ಯಾಪಾರಿಗೆ ಹೋಯಿತು. ಅದೇ ಸಂಜೆ ಉತ್ತರ ಬಂತು. 'ನೀನು ಯಾರು?' ಅಷ್ಟೇ. ಕೆಳಗೆ ಸಹಿ ಕೂಡ ಇಲ್ಲ.

ಪ್ರಶ್ನೆ ಕೇಳಿದ ಮೇಲೆ ಉತ್ತರಿಸಬೇಕು. ನಾನು ಹುಟ್ಟಿದ್ದು ಮೈಸೂರಿನಲ್ಲಿ ಎಂಬಲ್ಲಿಂದ ಹಿಡಿದು, ವಿದ್ಯಾಭ್ಯಾಸ, ಇಪ್ಪತ್ತಾರು ವರ್ಷದ ಸರ್ವೀಸು, ಈಗಿನ ವಿಳಾಸ ಎಲ್ಲವನ್ನೂ ಮೂರು ಪ್ಯಾರಾದಲ್ಲಿ ಬರೆದು, ಕೊನೆಗೆ ಬೈಗುಳ ಕಡತಕ್ಕೆ ಸೇರಿದ ಎಂದಿನ ಸಾಲನ್ನೂ ಹಾಕಿ ಕಳಿಸಿದೆ.

ಆಗ ಅವನು ಸ್ವಲ್ಪ ಉದ್ದವಾಗಿಯೇ ಬರೆದ. ತನ್ನ ಅಂಗಡಿಯಲ್ಲಿ ಪಾತ್ರೆ ಕೊಂಡವರಿಗೆಲ್ಲ ಅದರ ಮೇಲೆ ಹೆಸರು ಕೊರೆದು ಕೊಡುತ್ತೇನೆ, ಹೆಸರಿಗೆ ಒಂದು ಪೈಸೆ ತೆಗೆದುಕೊಳ್ಳುವುದಿಲ್ಲ, ತನ್ನ ಅಪ್ಪನೂ ತೆಗೆದುಕೊಂಡಿರಲಿಲ್ಲ ಎಂದು ತಿಳಿಸಿ, ಕೊನೆಗೆ ಕೇಳಿದ್ದ: 'ನೀನು ಬರೀ ಹೆಸರಿಗೆ ದುಡ್ಡು ಕೇಳುತ್ತೀಯ. ಪಾತ್ರೆ ಎಲ್ಲಿ?'

ಈ ಪ್ರಶ್ನೆಯನ್ನು ಹಾಗೆಯೇ ಕಡತಕ್ಕೆ ಸೇರಿಸಿದೆ.

೨. ಎರಡು ನೋಟೀಸು

ಪೋರೂರಿನ ಒಂದು ಕಲ್ಯಾಣಮಂಟಪದ ಯಜಮಾನರು ಸ್ವತಃ ಬೈಯುವುದು ತಮ್ಮ ಅಂತಸ್ತಿಗೆ ಕಡಿಮೆ ಎಂದು ಭಾವಿಸಿ ಆ ಕೆಲಸವನ್ನು ವಕೀಲರಿಗೆ ಒಪ್ಪಿಸಿದರು. ರಿಜಿಸ್ಟರ್ಡ್ ಅಂಚೆಯಲ್ಲಿ ನೋಟೀಸು ಬಂತು. ವೆಡ್ಡಿಂಗ್ ಹಾಲ್ ಎಂಬ ಪದ ತಮ್ಮ ಕಕ್ಷಿದಾರರ ಮನೆತನದ ಸ್ವತ್ತು, ಅದನ್ನು ನಾನು ಅಪಹರಿಸಿದ್ದೇನೆ, ಹದಿನೈದು ದಿನದಲ್ಲಿ ಕ್ಷಮೆ ಕೇಳಬೇಕು. ನಾನು ಬರೆದೆ: 'ತಮ್ಮ ಕಕ್ಷಿದಾರರ ಮನೆತನ ಹುಟ್ಟುವ ಮೊದಲು ಜನ ಮದುವೆಯಾಗುತ್ತಿದ್ದರು ಎಂಬುದಕ್ಕೆ ಆ ಮನೆತನವೇ ಸಾಕ್ಷಿ.'

ಮೂರನೆಯ ದಿನ ವಕೀಲರೇ ಫೋನು ಮಾಡಿದರು. ಸ್ವರ ಜೇನುತುಪ್ಪ. ನೋಟೀಸು ಮನಸ್ಸಿಗೆ ಹಚ್ಚಿಕೊಳ್ಳಬೇಡಿ ಸಾರ್, ಅದು ಪಾರ್ಟಿಯ ಸಮಾಧಾನಕ್ಕೆ ಎಂದರು. ಮನೆಯವರ ಕ್ಷೇಮ ವಿಚಾರಿಸಿದರು. ಆಮೇಲೆ ದನಿ ತಗ್ಗಿಸಿ, ವಕೀಲರಿಗೆ ಹೊಂದುವಂಥ ಹೆಸರು ಯಾವುದಾದರೂ ಇದೆಯೇ ಎಂದು ಕೇಳಿದರು. ಇತ್ತು. ನಾನು ಬೆಲೆ ಹೇಳಿದೆ.

ಎರಡನೆಯ ನೋಟೀಸು ಅವರದೇ ಪರವಾಗಿ ಬಂತು.

೩. ಬಾಯಿ ತೆರೆದು

ನಮ್ಮ ಬಡಾವಣೆಯಲ್ಲೇ ಒಬ್ಬ ದಂತವೈದ್ಯ. ಊರಿನ ಕ್ಲಿನಿಕ್ಕುಗಳಿಗೆಲ್ಲ ಕಳಿಸಿದ ಹಾಗೆ ಅವನಿಗೂ ಪತ್ರ ಕಳಿಸಿದ್ದೆ. ಇಂಥ ದಗಲ್ಬಾಜಿಗಳನ್ನು ಸಮುದ್ರಕ್ಕೆ ಎಸೆಯಬೇಕು ಎಂದು ಅವನ ಉತ್ತರ. ಸಮುದ್ರ ಎರಡು ಬೀದಿ ಆಚೆಯೇ ಇದ್ದದ್ದರಿಂದ ಇದನ್ನು ಕಡತದಲ್ಲಿ ಸ್ವಲ್ಪ ಮೇಲೆ ಇಟ್ಟೆ.

ಮುಂದಿನ ವಾರ ನನ್ನ ಬಲ ದವಡೆ ಊದಿಕೊಂಡಿತು. ಹತ್ತಿರದಲ್ಲಿ ಇದ್ದವನು ಅವನೊಬ್ಬನೇ. ಕುರ್ಚಿಯಲ್ಲಿ ಮಲಗಿಸಿ, ಬಾಯಿಗೆ ಹತ್ತಿ ತುರುಕಿ, ಕೊರೆಯುವ ಯಂತ್ರ ಹಿಡಿದುಕೊಂಡು ಅವನು ಮಾತು ಶುರುಮಾಡಿದ. ದಂತವೈದ್ಯರು ಮಾತಿಗೆ ಆರಿಸಿಕೊಳ್ಳುವ ಹೊತ್ತು ಅದೇ. ಈಗೀಗ ಇಂಟರ್ನೆಟ್ಟಿನಲ್ಲಿ ಹೊಸ ಬಗೆಯ ಭಿಕ್ಷುಕರು ಬಂದಿದ್ದಾರೆ ಸಾರ್, ನನ್ನ ಹಲ್ಲನ್ನು ನನಗೇ ಮಾರುತ್ತೇನೆ ಎಂದು ಒಬ್ಬ ಬರೆದಿದ್ದ, ಭಾಷೆ ಮಾತ್ರ ಗವರ್ನರ್ ಬರೆದ ಹಾಗೆ, ಇಂಥವರನ್ನು ಒದೆಯಬೇಕೋ ಬೇಡವೋ ನೀವೇ ಹೇಳಿ ಎಂದ.

ಯಂತ್ರ ನನ್ನ ಹಲ್ಲಿನಿಂದ ಅರ್ಧ ಅಂಗುಲ ದೂರದಲ್ಲಿ ತಿರುಗುತ್ತಿತ್ತು. ನಾನು ತಲೆಯಾಡಿಸಿ ಸಮ್ಮತಿಸಿದೆ.

ಮನೆಗೆ ಬಂದು ಆ ಹೇಡಿತನಕ್ಕೆ ಪ್ರಾಯಶ್ಚಿತ್ತವಾಗಿ ಪೂರ್ತಿ ಸಹಿ ಹಾಕಿ ಬರೆದೆ: 'ತಮ್ಮ ಬೈಗುಳ ಎರಡು ಸಲ ತಲುಪಿತು, ಒಮ್ಮೆ ಇಮೇಲಿನಲ್ಲಿ, ಒಮ್ಮೆ ಖುದ್ದಾಗಿ. ಬಲ ದವಡೆಯ ನೋವು ಈಗ ಕಡಿಮೆ.'

೪. ನಮ್ಮವರು

ಮೈಲಾಪುರದ ಕಡೆ ಒಬ್ಬರ ಹೋಟೆಲು. ಅವರು ಫೋನಿನಲ್ಲಿ ತಮಿಳಿನಲ್ಲಿ ಬೈಯತೊಡಗಿದರು, ಆದರೆ ಮರ್ಯಾದೆಯಿಂದ. ನೀಂಗ, ಉಂಗ ಎಂದು ಬಹುವಚನದಲ್ಲೇ ಬೈಯುತ್ತಿದ್ದರು. ನನ್ನ ತಮಿಳಿನಲ್ಲಿ ಏನು ಕಂಡಿತೋ, ನಡುವೆ ನಿಲ್ಲಿಸಿ, ನೀವು ಕನ್ನಡದವರಾ ಎಂದು ಕೇಳಿದರು. ಹೌದು ಎಂದೆ.

"ಅಯ್ಯೋ, ಮೊದಲೇ ಹೇಳಬಾರದಾ" ಎಂದವರೇ ಊರು, ಕೇರಿ, ಗೋತ್ರ ವಿಚಾರಿಸಿದರು. ಸಂಬಂಧ ಗಟ್ಟಿಯಾಯಿತು. ಅದು ಗಟ್ಟಿಯಾದ ಕೂಡಲೇ ಅವರ ಬಾಯಲ್ಲಿ ನಾನು ಏಕವಚನಕ್ಕೆ ಇಳಿದೆ.

"ಅಲ್ಲಯ್ಯಾ, ನಮ್ಮವನಾಗಿ ನನ್ನ ಹತ್ರಾನೇ ದುಡ್ಡು ಕೇಳ್ತೀಯಲ್ಲ, ನಾಚಿಕೆ ಆಗಲ್ವಾ? ನಮ್ಮವರಿಗೆ ಸುಮ್ನೆ ಕೊಡಬೇಕಪ್ಪ."

ನಮ್ಮವರಿಗೆ ನೀವು ಇಡ್ಲಿ ಸುಮ್ಮನೆ ಕೊಡುತ್ತೀರಾ ಎಂದು ಕೇಳಿದೆ.

ಅವರು ನನ್ನ ಅಜ್ಞಾನಕ್ಕೆ ಮರುಗಿದರು. "ಇಡ್ಲಿ ಬೇರೆ ಕಣಯ್ಯಾ. ಅದಕ್ಕೆ ಹಿಂದಿನ ದಿನ ಅಕ್ಕಿ ನೆನೆಹಾಕಬೇಕು."

೫. ಮೂರನೆಯ ಪ್ಯಾರಾ

ನನ್ನ ಇಮೇಲು ಬರುತ್ತಿದ್ದದ್ದು ನನ್ನದೇ ಹೆಸರಿನ ವಿಳಾಸಕ್ಕೆ. ಇನಿಷಿಯಲ್ ಸಮೇತ ನನ್ನ ಹೆಸರು, ಮುಂದೆ ಡಾಟ್ ಕಾಮ್. ಕಾಗದದ ತಲೆಯ ಮೇಲೂ ಅದನ್ನೇ ಅಚ್ಚು ಹಾಕಿಸಿದ್ದೆ. ಕಳಿಸಿದ ಪತ್ರಗಳಲ್ಲೆಲ್ಲ ಅದೇ ಇತ್ತು.

ಆ ವರ್ಷ ಬೇಸಿಗೆಯಲ್ಲಿ, ನಿಮ್ಮ ಹೆಸರಿನ ಬಗ್ಗೆ ಒಂದು ಮುಖ್ಯ ವಿಷಯ ಎಂದು ಯಾರೋ ಅಮೆರಿಕದಿಂದ ಪದೇ ಪದೇ ಬರೆಯತೊಡಗಿದರು. ಹೆಸರು ಮಾರುವವರ ಕಾಟ ಎಂದುಕೊಂಡು ನಾಲ್ಕು ಸಲವೂ ಓದದೆ ಅಳಿಸಿಹಾಕಿದೆ.

ಆಮೇಲೆ ಒಂದು ಬೆರಗು ನಡೆಯಿತು. ಬೈಗುಳ ನಿಂತುಹೋಯಿತು. ಒಂದು ವಾರ, ಒಂದು ತಿಂಗಳು, ಎರಡು ತಿಂಗಳು, ಒಂದೇ ಒಂದು ಒರಟು ಪತ್ರ ಇಲ್ಲ. ಊಟದ ಹೊತ್ತಿನಲ್ಲಿ ನಾನು ಹೆಂಡತಿಗೂ ಕಾಲೇಜಿಗೆ ಹೋಗುವ ಮಗಳಿಗೂ ಹೇಳಿದೆ, ಈ ಊರಿನ ವ್ಯಾಪಾರಿಗಳಿಗೆ ಕೊನೆಗೂ ಸಭ್ಯತೆ ಬಂದಿದೆ, ನನ್ನ ಉತ್ತರಗಳು ವ್ಯರ್ಥವಾಗಲಿಲ್ಲ ಎಂದು. ಹೆಂಡತಿ ಸಾರು ಬಡಿಸಿ, ವಿಜಯದಶಮಿಗೆ ಇನ್ನು ಎಷ್ಟು ವಾರ ಎಂದು ಮಗಳನ್ನು ಕೇಳಿದಳು.

ಅಷ್ಟರಲ್ಲಿ ಅಂಚೆಯಲ್ಲಿ ಒಂದು ಪತ್ರ ಬಂತು. ಮೂರು ಪ್ಯಾರಾ. ಓದುತ್ತಿದ್ದಂತೆ ಬರೆದವನ ಶೈಲಿಯ ಮೇಲೆ ಗೌರವ ಹುಟ್ಟಿತು. ಆಮೇಲೆ ಗೊತ್ತಾಯಿತು, ಅದು ನನ್ನದೇ ಪತ್ರ. ಪಾತ್ರೆಯ ಹೆಸರು ಇದ್ದ ಕಡೆಯಲ್ಲಿ ನನ್ನ ಹೆಸರು ಇತ್ತು, ನನ್ನ ಹೆಸರು ಇದ್ದ ಕಡೆಯಲ್ಲಿ ಪಲ್ಲಾವರಂನ ಪಾತ್ರೆ ವ್ಯಾಪಾರಿಯ ಸಹಿ ಇತ್ತು. ಅಮೆರಿಕದಿಂದ ಬಂದದ್ದು ಹೆಸರು ನೋಂದಾಯಿಸುವ ಕಂಪನಿಯ ನವೀಕರಣದ ನೆನಪೋಲೆ, ವರ್ಷದ ಹಣ ಕಟ್ಟಿ ಎಂದು. ನಾನು ನವೀಕರಿಸಲಿಲ್ಲ. ಹೆಸರು ಬೀದಿಗೆ ಬಂತು. ಅವನು ಎತ್ತಿಕೊಂಡಿದ್ದ. ಬೈಗುಳ ನಿಂತದ್ದೂ ಅದಕ್ಕೇ, ನನ್ನ ವಿಳಾಸಕ್ಕೆ ಯಾರ ಇಮೇಲೂ ಬರುತ್ತಿರಲಿಲ್ಲ.

ನನ್ನ ಹೆಸರನ್ನು ನನಗೇ ಮಾರುವ ಧೈರ್ಯ. ಮಗಳು ಹಿಂದೆ ನಿಂತು "ವಿಡುಪ್ಪಾ, ವೇಣಾಂ" ಎಂದು ತಮಿಳಿನಲ್ಲಿ ತಡೆಯುತ್ತಿದ್ದರೂ, ಅವಳ ಇಮೇಲಿನಿಂದಲೇ ಅವನಿಗೆ ಎರಡು ಪದ ಬರೆದು ಕಳಿಸಿದೆ: 'ನೀನು ಯಾರು?'

ಉತ್ತರ ಅದೇ ಸಂಜೆ ಬಂತು. ತಾನು ಹುಟ್ಟಿದ್ದು ತಿರುನೆಲ್ವೇಲಿಯಲ್ಲಿ ಎಂಬಲ್ಲಿಂದ ಹಿಡಿದು, ಓದಿದ್ದು ಎಂಟನೆಯ ಕ್ಲಾಸು, ಪಾತ್ರೆ ವ್ಯಾಪಾರದಲ್ಲಿ ಇಪ್ಪತ್ತಾರು ವರ್ಷ, ಅಂಗಡಿಯ ವಿಳಾಸ, ಎಲ್ಲವನ್ನೂ ಅವನು ಮೂರು ಪ್ಯಾರಾದಲ್ಲಿ ತಿಳಿಸಿದ್ದ. ಕೊನೆಗೆ, ತಮ್ಮ ಬೈಗುಳವನ್ನು ಕಡತಕ್ಕೆ ಸೇರಿಸಲಾಗಿದೆ, ತಮ್ಮ ವ್ಯಾಪಾರ ವೃದ್ಧಿಸಲಿ.

ಎರಡು ದಿನ ಹಲ್ಲು ಕಚ್ಚಿಕೊಂಡಿದ್ದೆ. ಆದರೆ ಅಚ್ಚು ಹಾಕಿಸಿದ ಕಾಗದ ಇನ್ನೂ ಎರಡು ರೀಮು ಉಳಿದಿತ್ತು. ಬಸ್ಸು ಹಿಡಿದು ಪಲ್ಲಾವರಂಗೆ ಹೋದೆ.

ದಪ್ಪ ಮನುಷ್ಯ. ಸ್ಟೂಲು ಕೊಡಿಸಿ, ಕಾಫಿ ತರಿಸಿದ. ನಾನು ನ್ಯಾಯ, ನೀತಿ, ಒಬ್ಬ ಮನುಷ್ಯನಿಗೂ ಅವನ ಹೆಸರಿಗೂ ಇರುವ ಸಂಬಂಧ ಇವುಗಳ ಬಗ್ಗೆ ಮಾತಾಡಿದೆ. ಅವನು ಶ್ರದ್ಧೆಯಿಂದ ಕೇಳಿದ. ಕೊನೆಗೆ, ಜೀವನದಲ್ಲಿ ತರಕಾರಿಯವಳ ಹತ್ತಿರವೂ ಚೌಕಾಶಿ ಮಾಡದ ನಾನು, ಸ್ವಲ್ಪ ಕಡಿಮೆ ಮಾಡಿಕೊಳ್ಳಿ ಎಂದೆ.

ಅವನು ಗಲ್ಲಾಪೆಟ್ಟಿಗೆಯಿಂದ ನನ್ನ ಹಳೆಯ ಪತ್ರ ತೆಗೆದು ನನ್ನ ಮುಂದೆ ಹಿಡಿದ. "ಸಾರ್, ಮೂರನೇ ಪ್ಯಾರಾ ಓದಿ."

ಓದಿದೆ. ಸ್ಪಷ್ಟವಾಗಿತ್ತು. ಕೊಂಡೆ.

ಹೊರಡುವಾಗ ಅವನು ಒಂದು ಸ್ಟೀಲ್ ಲೋಟ ತೆಗೆದು, ಯಂತ್ರ ಹಿಡಿದು ಅದರ ಮೇಲೆ ನನ್ನ ಹೆಸರು ಕೊರೆದ. ಇನಿಷಿಯಲ್, ಡಾಟ್ ಕಾಮ್ ಎಲ್ಲ ಸೇರಿಸಿ. ಇದಕ್ಕೆಷ್ಟು ಎಂದೆ. ಬರೀ ಹೆಸರಿಗೆ ದುಡ್ಡು ತಗೊಂಡರೆ ನಮ್ಮಪ್ಪ ಕ್ಷಮಿಸುವುದಿಲ್ಲ ಸಾರ್, ಅದಕ್ಕೇ ಪಾತ್ರೆ ಕೊಡುತ್ತಿದ್ದೇನೆ ಎಂದ.

ವಿಜಯದಶಮಿಯ ಬೆಳಿಗ್ಗೆ ನನ್ನ ಕಂಪ್ಯೂಟರು ಫ್ರಿಜ್ಜಿನ ಪಕ್ಕಕ್ಕೆ ಬಂತು. ಚಿಕ್ಕ ಕೋಣೆಯಲ್ಲಿ ಆರು ಮಕ್ಕಳು ಚಾಪೆಯ ಮೇಲೆ ಕೂತು ಸರಳೆ ಹಾಡಲು ಕಾಯುತ್ತಿದ್ದವು. ನಾನು ಅದೇ ಲೋಟದಲ್ಲಿ ಕಾಫಿ ಹಿಡಿದು ಬಾಗಿಲಲ್ಲಿ ನಿಂತು ಕರಾರಿನ ಮಾತು ಎತ್ತಿದೆ. ನನ್ನ ಪತ್ರ ಓದಿ ಒಬ್ಬನಾದರೂ ಒಂದು ಹೆಸರು ಕೊಂಡರೆ ಕೋಣೆ ನನ್ನದು ಎಂದಿತ್ತು. ಒಬ್ಬ ಓದಿದ್ದಾನೆ, ಕೊಂಡಿದ್ದಾನೆ, ಅದೂ ಚೌಕಾಶಿಯಿಲ್ಲದೆ. ಕೊಂಡವನು ಯಾರಾಗಿರಬೇಕೆಂದು ಕರಾರಿನಲ್ಲಿ ಎಲ್ಲೂ ಇಲ್ಲ.

ಹೆಂಡತಿ ಶ್ರುತಿಪೆಟ್ಟಿಗೆಯಿಂದ ಕೈ ತೆಗೆಯಲಿಲ್ಲ.

"ನಿಮ್ಮ ಪತ್ರದಲ್ಲಿ ತಪ್ಪೇನೂ ಇರಲಿಲ್ಲ ರೀ. ಅದಕ್ಕೆ ತಕ್ಕ ದಡ್ಡ ಸಿಗೋದು ತಡವಾಯ್ತು, ಅಷ್ಟೆ."